ಮುಖ್ಯರಸ್ತೆಯ ಜಾಹೀರಾತು ನಿಲ್ಲಿಸಿದವರು ಯಾರು?

"ಝುಲೈಖಾ, ನಾಳೆ ನನ್ನ ಕೆಲಸ ಹೋಗ್ತದೆ," ಎಂದು ಮಿದ್ಲಾಜ್ ನಮ್ಮ ಪಿಜಿಯ ಗೇಟಿನ ಹೊರಗೆ ನಿಂತೇ ಹೇಳಿದ. "ಕೆಲಸ ಹೋಗಲಿ, ಮೋಸಗಾರ ಅಂತ ಹೆಸರು ಬಂದ್ರೆ ಪುತ್ತೂರಲ್ಲಿ ಮತ್ತೆ ಯಾರು ಕರೀತಾರೆ?"

ಸುಳ್ಯದ ನಮ್ಮ ಪಿಜಿಯಲ್ಲಿ ಚಾರ್ಜರ್ ಕಾಣೆಯಾದರೂ, ಯಾರದೋ ಉಪ್ಪಿನಕಾಯಿ ಖಾಲಿಯಾದರೂ ಪತ್ತೆ ಹಚ್ಚುವವಳು ನನ್ನ ರೂಮ್‌ಮೇಟ್ ಝುಲೈಖಾ. ಹಿಂದೆ ಬಾಯಿ ಬಿಟ್ಟುಕೊಂಡು ಓಡುವವಳು ನಾನು, ರಮ್ಯಶ್ರೀ. ಮಿದ್ಲಾಜ್ ಅವಳ ಸಂಬಂಧಿಕ, ಪುತ್ತೂರಿನ ಒಂದು ಜಾಹೀರಾತು ಏಜೆನ್ಸಿಯಲ್ಲಿ ಪ್ರೋಗ್ರಾಮರ್.

ಸಂಗತಿ ಇಷ್ಟು. ಸೋಶಿಯಲ್ ಮೀಡಿಯಾದಲ್ಲಿ ಓಡುವ ಜಾಹೀರಾತುಗಳನ್ನು ಒಂದೊಂದಾಗಿ ತೆರೆಯದೆ, ಒಂದೇ ಸಾಲಿನ ಆದೇಶ ಕಳಿಸಿ ನಿಲ್ಲಿಸುವ ಎಪಿಐ ಟೂಲ್ ಒಂದನ್ನು ಮಿದ್ಲಾಜ್ ಮಾಡಿದ್ದ. ಅದನ್ನು ಬಳಸುವ ವಿಧಾನವನ್ನು ಕನ್ನಡದಲ್ಲಿ ಬರೆದು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಗುರುವಾರ ಬೆಳಿಗ್ಗೆ ಪುತ್ತೂರು ಮುಖ್ಯರಸ್ತೆಯ ಅಂಗಡಿಗಳ ಜಾಹೀರಾತೆಲ್ಲ ನಿಂತುಹೋಯಿತು. ಮದುವೆ ಸೀರೆಯ ಸೇಲ್ ಇದ್ದ ವಾರ. ಶುಕ್ರವಾರ ವಿಷಯ ಗೊತ್ತಾದಾಗ ಮಾಲಕ ಪ್ರೇಮನಾಥರು, "ಕಳ್ಳ ಸಿಗುವವರೆಗೆ ಯಾರೂ ಕಂಪ್ಯೂಟರ್ ಮುಟ್ಟುದು ಬೇಡ," ಎಂದುಬಿಟ್ಟಿದ್ದರು.

"ಕಡಬ, ಉಪ್ಪಿನಂಗಡಿಯ ಅಂಗಡಿಗಳದ್ದು?" ಝುಲೈಖಾ ಕೇಳಿದಳು.

"ಅದೆಲ್ಲ ಓಡ್ತಾ ಉಂಟು. ಇನ್ನೊಂದು ವಿಚಿತ್ರ. ನಿಲ್ಲಿಸುವ ಆದೇಶ ಒಮ್ಮೆ ಹೋಗಿದೆ, ಮುಕ್ಕಾಲು ಗಂಟೆ ಬಿಟ್ಟು ಅದೇ ಮತ್ತೊಮ್ಮೆ ಹೋಗಿದೆ. ಎರಡರಲ್ಲೂ ನನ್ನ ಕೀ, ಅಂದ್ರೆ ನನ್ನ ಗುರುತಿನ ಸಂಕೇತ! ನಾನು ಆಗ ಕಡಬದಲ್ಲಿದ್ದೆ ಮಾರಾಯ್ತಿ. ಮೊಬೈಲಿಂದಲೂ ಮಾಡಬಹುದಲ್ಲ ಅಂತಾರೆ ಸರ್."

"ನಿಂತದ್ದನ್ನು ಪುನಃ ಯಾಕೆ ನಿಲ್ಲಿಸುದು?" ಎಂದವಳೇ ಚಪ್ಪಲಿ ಹಾಕಿದಳು.

ನಾವು ಮೂವರು ಹತ್ತಿದ ಪುತ್ತೂರಿನ ಬಸ್ಸು ಕುಂಬ್ರ ದಾಟುವವರೆಗೂ ಅವಳು ನನ್ನ ಮೊಬೈಲಿನಲ್ಲಿ ಮಿದ್ಲಾಜನ ಬರಹ ಓದಿದಳು. ನಾನೂ ಇಣುಕಿದೆ. 'ಈ ಸಾಲನ್ನು ಹಾಗೇ ಕಾಪಿ ಮಾಡಿ. ಕೊನೆಯಲ್ಲಿ ರಸ್ತೆಯ ಹೆಸರು ಹಾಕಿ. ಎಂಟರ್ ಒತ್ತಿ. ಯಶಸ್ವಿ ಎಂದು ಬಂದರೆ ಆಯಿತು.' ನನ್ನಂಥವಳಿಗೂ ಅರ್ಥವಾಯಿತು! ಮುಂದಿನ ಪುಟದಲ್ಲಿ 'ಮತ್ತೆ ಶುರು ಮಾಡುವುದು' ಎಂಬ ತಲೆಬರಹ ಮಾತ್ರ ಇತ್ತು. ಕೆಳಗೆ ಏನೂ ಇರಲಿಲ್ಲ.

ಪುತ್ತೂರಿನಲ್ಲಿ ಆಫೀಸಿನ ಮೆಟ್ಟಿಲ ಬಳಿ, ಬುಧವಾರ ತೀರಿಕೊಂಡ ಕೊಡೆ ಅಂಗಡಿಯ ಅಚ್ಚುತಣ್ಣನ ಶ್ರದ್ಧಾಂಜಲಿ ಫ್ಲೆಕ್ಸ್ ಇತ್ತು. ಝುಲೈಖಾ ಅದನ್ನು ಪೂರ್ತಿ ಓದಿದಳು. ಆಮೇಲೆ ಮೆಟ್ಟಿಲು ಹತ್ತಿದಳು.

"ಇದಾರು, ಸಿಐಡಿಯಾ?" ಪ್ರೇಮನಾಥರು ನಕ್ಕರು.

"ಗುರುವಾರ ಬೆಳಿಗ್ಗೆ ಇಲ್ಲಿ ಯಾರಿದ್ರು ಸರ್?"

"ನಾನು ಅಚ್ಚುತಣ್ಣನ ಅಂತಿಮಯಾತ್ರೆಯಲ್ಲಿದ್ದೆ. ಈ ಉಲ್ಲಾಸ್ ಮನೆಯಿಂದ ಕೆಲಸ ಮಾಡಿದ್ದು. ಅವನೂ ಪ್ರೋಗ್ರಾಮರೇ. ಆಫೀಸಿನ ಫೋನ್ ಎತ್ತುವ ಪಂಕಜಾಕ್ಷಿ ಮಾತ್ರ ಇಲ್ಲಿದ್ರು."

"ನನ್ನ ಮೇಲೆ ಹಾಕ್ಬೇಡ ಆಯ್ತಾ," ಎಂದ ಉಲ್ಲಾಸ್. "ಕೀ ಅವನದ್ದು."

"ಎಲ್ಲರೂ ಕೂತ್ಕೊಳ್ಳಿ," ಎಂದಳು ಝುಲೈಖಾ. ಆಶ್ಚರ್ಯ, ಎಲ್ಲರೂ ಕೂತರು!

"ಕೀ ಎಲ್ಲರ ಹತ್ತಿರವೂ ಉಂಟು. ಮಿದ್ಲಾಜ್ ಮಾದರಿ ಸಾಲಿನಲ್ಲಿ ತನ್ನದೇ ಕೀ ಬಿಟ್ಟಿದ್ದಾನೆ. ಅದನ್ನು ಕಾಪಿ ಮಾಡಿದವರೆಲ್ಲ ಮಿದ್ಲಾಜೇ."

ಮಿದ್ಲಾಜ್ ತಲೆಯ ಮೇಲೆ ಕೈಯಿಟ್ಟ.

"ಇನ್ನು ಎರಡನೇ ಆದೇಶ. ಹಾಳು ಮಾಡ್ಲಿಕ್ಕೆ ಬಂದವರಿಗೆ ಅದು ಬೇಡವೇ ಬೇಡ. ಪ್ರೋಗ್ರಾಮರುಗಳಿಗೆ ಶುರು ಮಾಡುವ ಆದೇಶ ಗೊತ್ತುಂಟು. ಹಾಗಾದ್ರೆ ಇದು ಯಾರು? ಜಾಹೀರಾತನ್ನು ವಾಪಸ್ ತರಲಿಕ್ಕೆ ಹೊರಟವರು. ಆದರೆ ಶುರು ಮಾಡುವ ಪುಟ ಖಾಲಿ. ಲೈಟಿನ ಸ್ವಿಚ್ಚಿನ ಹಾಗೆ ಅದನ್ನೇ ಪುನಃ ಒತ್ತಿದರು. ಯಶಸ್ವಿ ಅಂತ ಬಂತು."

ಝುಲೈಖಾ ಪ್ರೇಮನಾಥರ ಕಡೆ ತಿರುಗಿದಳು.

"ಮುಖ್ಯರಸ್ತೆ ಮಾತ್ರ ಯಾಕೆ? ಮುಕ್ಕಾಲು ಗಂಟೆ ಯಾಕೆ? ಸರ್, ಪೇಟೆಯ ವ್ಯಾಪಾರಿಯ ಮೃತದೇಹ ಹೋಗುವಾಗ ಅಂಗಡಿಯವರು ಎಂತ ಮಾಡ್ತಾರೆ?"

"ಶಟರ್ ಎಳೀತಾರೆ. ದಾಟಿದ ಮೇಲೆ..." ಪ್ರೇಮನಾಥರು ಅಲ್ಲಿಗೇ ನಿಲ್ಲಿಸಿದರು. ನಿಧಾನವಾಗಿ ತಿರುಗಿದರು.

"ಅಯ್ಯೋ ದೇವರೇ, ನಾನು ವಾಪಸ್ ಹಾಕಿದ್ದೆನಲ್ಲಾ!" ಪಂಕಜಾಕ್ಷಿಯಕ್ಕ ಎದ್ದು ನಿಂತರು. "ಅಚ್ಚುತಣ್ಣನನ್ನು ಕೊಂಡೋಗುವಾಗ ಇಡೀ ಪೇಟೆ ಶಟರ್ ಎಳೆದಿತ್ತು. ಮೊಬೈಲಲ್ಲಿ ನಮ್ಮ ಸೀರೆ ಜಾಹೀರಾತಿನ ಹಾಡು ಮಾತ್ರ ಕುಣೀತಾ ಇತ್ತು. ಚಂದವಾ ಅದು? ಮತ್ತೆ ನಿಲ್ಲಿಸಿದ್ದು ಬೇರೆ ಯಾರೋ ಅಂತ ಗ್ರಹಿಸಿದ್ದೆ. ನನ್ನತ್ರ ಯಾರೂ ಕೇಳಲೇ ಇಲ್ಲ!"

"ಪಂಕಜಾಕ್ಷಿಗೆ ಎಪಿಐ?" ಪ್ರೇಮನಾಥರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಇವನು ಬರೆದದ್ದನ್ನು ಓದಿದ್ರೆ ಯಾರಿಗೂ ಬರ್ತದೆ ಸರ್," ಎಂದಳು ಝುಲೈಖಾ. "ಅಷ್ಟು ಚಂದ ಬರೆದಿದ್ದಾನೆ. ಅರ್ಧ ಮಾತ್ರ ಬರೆದಿದ್ದಾನೆ."

ಮಿದ್ಲಾಜ್ ಮೊದಲು ಹಳೆಯ ಕೀ ರದ್ದು ಮಾಡಿದ. ಆಮೇಲೆ ಖಾಲಿ ಪುಟಕ್ಕೆ ನಾಲ್ಕು ಸಾಲು ಬರೆದು, ಅಕ್ಕನಿಗೆ ಕುರ್ಚಿ ಬಿಟ್ಟುಕೊಟ್ಟ. ಅವರು ಓದಿದರು, ಸೆರಗಿನಿಂದ ಬೆರಳು ಒರೆಸಿಕೊಂಡರು, ಎಂಟರ್ ಒತ್ತಿದರು. ನಾವೆಲ್ಲ ಪರದೆಗೆ ಇಣುಕಿದೆವು. ನಿಂತಿದ್ದ ಜಾಹೀರಾತುಗಳು ಒಂದರ ಹಿಂದೆ ಒಂದು ಹಸಿರಾಗಿ ಮತ್ತೆ ಓಡತೊಡಗಿದವು.

ಪ್ರೇಮನಾಥರು ಸೀರೆ ಅಂಗಡಿಯವರಿಗೆ ಫೋನ್ ಮಾಡಿದರು. "ಹಂಝಾಕ, ಆ ಹುಡುಗನದ್ದು ಮೋಸ ಅಂತ ನಾನು ಹೇಳಿದ್ದೆನಲ್ಲ, ಅದು ನನ್ನ ತಪ್ಪು. ಅವನು ಇಲ್ಲೇ ಇದ್ದಾನೆ, ಇಲ್ಲೇ ಇರ್ತಾನೆ. ಅಚ್ಚುತಣ್ಣನನ್ನು ಕೊಂಡೋಗುವಾಗ ಹಾಡು ಬೇಡ ಅಂತ ನಿಲ್ಲಿಸಿದ್ದು ನಮ್ಮ ಪಂಕಜಾಕ್ಷಿ." ಆಚೆ ಕಡೆಯವರು ಏನೋ ಹೇಳಿದರು. ಪ್ರೇಮನಾಥರು ಫೋನನ್ನು ಪಂಕಜಾಕ್ಷಿಯಕ್ಕನ ಕಡೆ ಚಾಚಿದರು.

"ನಿಮ್ಮತ್ರವೇ ಮಾತಾಡ್ಬೇಕಂತೆ. ಅಚ್ಚುತಣ್ಣ ಅವರ ದೋಸ್ತ್ ಅಂತೆ."