ಲೆಕ್ಕಕ್ಕೆ ಸಿಗದ ಓದುಗರು

"ನನ್ ಕತೆ ಕದ್ದದ್ ನೀವೇ ಅಲ್ದಾ?"

ಗಂಗೊಳ್ಳಿ ಬಂದರಿನಲ್ಲಿ ಬೋಟಿಗೆ ಮಂಜುಗಡ್ಡೆ ತುಂಬಿಸುತ್ತಿದ್ದವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದರು. ಬೋಟು ನಡೆಸುವ ತಾಂಡೇಲ ರತನ್ ಹಗ್ಗ ಹಿಡಿದುಕೊಂಡೇ ನಿಂತ. ಎದುರಿಗಿದ್ದವಳ ಮುಖವನ್ನು ಅವನು ಫೋನಿನ ಪುಟ್ಟ ಚಿತ್ರದಲ್ಲಿ ಎಷ್ಟು ಸಲ ನೋಡಿದ್ದನೋ! ಆದರೆ ಇಷ್ಟು ಸಿಟ್ಟಿನಲ್ಲಿ...?

"ನೀವ್... ಹರಿಣಾಕ್ಷಿ ಅಲ್ದಾ?"

ಅವನ ಮುಖ ನಗುವಿನಲ್ಲಿ ಅರಳಿತು. ಬೆಂಕಿಗೆ ತುಪ್ಪ ಸುರಿದಂತಾಯಿತು ಅವಳಿಗೆ. ಕದ್ದದ್ದೂ ಅಲ್ಲದೆ ನಗು ಬೇರೆ!

ಅವಳು ಫೋನ್ ಮುಂದೆ ಹಿಡಿದಳು. ಅದರಲ್ಲಿ ಒಬ್ಬ ಗಂಡಸಿನ ಸ್ವರ ಅವಳ ಕತೆಯನ್ನು ಓದುತ್ತಿತ್ತು. ಅವಳದೇ ಸಾಲುಗಳು, ಅವಳದೇ ಮಾತುಗಳು.

"ಇದ್ ನಿಮ್ ಸ್ವರ ಹೌದಾ, ಅಲ್ದಾ?"

"ಹೌದ್. ಆದ್ರೆ..."

"ನನ್ ಹೆಸ್ರ್ ಎಲ್ಲಿತ್ತ್ ಇದ್ರಲ್ಲಿ? ಕಳ್ಳ!"

ಅಷ್ಟೂ ಜನರ ಎದುರು! ರತನ್ ತಲೆ ತಗ್ಗಿಸಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಬಸ್ಸಿನ ಕಡೆ ಹೊರಟೇಬಿಟ್ಟಿದ್ದಳು. ಅಂದು ಸಂಜೆ ಬೋಟು ಕಡಲಿಗೆ ಹೊರಟಿತು.

ಹೆಮ್ಮಾಡಿಯಲ್ಲಿ ಹರಿಣಾಕ್ಷಿಯದು ಒಂದೇ ಕೋಣೆಯ ಹೊಲಿಗೆ ಅಂಗಡಿ. ಅಮ್ಮ ತೀರಿಕೊಂಡ ಮೇಲೆ ಅವಳು ಒಬ್ಬಳೇ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೆಷಿನ್ ಮೇಲೆ ಮೊಣಕೈ ಊರಿ, ಫೋನಿನ ಕತೆಗಳ ಆಪ್ ಒಂದರಲ್ಲಿ ತನ್ನ ಚಿತ್ರ ಹಾಕಿ ಕತೆ ಬರೆಯುತ್ತಿದ್ದಳು. ಕಡಲಿಗೆ ಹೋದವನಿಗಾಗಿ ಕಾಯುವ ಹುಡುಗಿಯ ಕತೆ. ಪ್ರತಿ ಅಧ್ಯಾಯದ ಕೊನೆಗೆ ಒಂದು ಬೇಡಿಕೆ ಇರುತ್ತಿತ್ತು: 'ಓದಿದವರು ಒಂದು ಸಾಲು ಬರೆಯಿರಿ.'

ಯಾರೂ ಬರೆಯುತ್ತಿರಲಿಲ್ಲ. ನಕ್ಷತ್ರ ಒತ್ತುವವರೂ ಇಲ್ಲ. ಆಪ್ ತೋರಿಸುತ್ತಿದ್ದ ಓದುಗರನ್ನು ಒಂದೇ ರಿಕ್ಷಾದಲ್ಲಿ ಕೂರಿಸಬಹುದಿತ್ತು. ಖಾಲಿ ಮನೆಯಲ್ಲಿ ಒಬ್ಬಳೇ ಮಾತಾಡಿದ ಹಾಗೆ... ಆದರೂ ಬರೆಯುತ್ತಿದ್ದಳು. ಆ ಖಾಲಿ ಮನೆಯಲ್ಲಿ ಅವಳಿಗಿದ್ದ ಮಾತು ಅದೊಂದೇ ತಾನೇ!

ಹಾಗಿರುವಾಗ ಮೀನು ಮಾರುವ ಚಂದ್ರಮತಿ ರವಿಕೆ ಹೊಲಿಸಲು ಬಂದವಳು, ವಾಟ್ಸಾಪ್‌ನಲ್ಲಿ ಬಂದದ್ದು ಅಂತ ಆ ಸ್ವರವನ್ನು ಕೇಳಿಸಿದ್ದಳು. "ರತನ್ ತಾಂಡೇಲಂದ್" ಎಂದೂ ಹೇಳಿದ್ದಳು. ಹರಿಣಾಕ್ಷಿ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡಳು, ಆದರೆ ಅದು ತನ್ನ ಕತೆ ಎಂದು ಬಾಯಿ ಬಿಡಲಿಲ್ಲ. ಮರುದಿನವೇ ಗಂಗೊಳ್ಳಿ ಬಸ್ಸು ಹತ್ತಿದ್ದಳು.

ಬಂದರಿನಿಂದ ಬಂದವಳೇ ಆಪ್‌ನಲ್ಲಿ ಬರೆದಳು: 'ಈ ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇನೆ.'

ಆಮೇಲಿನ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಮೆಷಿನ್ ಸದ್ದು ನಿಂತರೆ ಹೆದ್ದಾರಿಯ ಲಾರಿಗಳ ಸದ್ದು. ಅದು ಬಿಟ್ಟರೆ ಏನೂ ಇಲ್ಲ. ನಾನು ಬರೆಯದಿದ್ದರೆ ಯಾರಿಗೆ ಏನು ನಷ್ಟ? ಯಾರಿಗೂ ಏನೂ ಇಲ್ಲ... ಹಾಗಂದುಕೊಂಡು ಅತ್ತಳು.

ವಾರ ಕಳೆದು ಚಂದ್ರಮತಿ ರವಿಕೆಗೆ ಬಂದಳು. ಬಂದವಳೇ ಜಗಳಕ್ಕೆ ನಿಂತಳು.

"ಹ್ವಾಯ್ ಹರಿಣಾಕ್ಷಿ! ಆ ಕತೆ ಬರೆಯೂದ್ ನೀನೇ ಅಂಬ್ರಲೆ! ಎಂತಕೆ ನಿಲ್ಸಿದ್ದ್? ನಮ್ ಮನೆಯವ್ರ್ ದಡಕ್ಕ್ ಬಂದವ್ರೇ ನಂಗ್ ಬೈತ್ರ್!"

"ನಿಮ್ ಮನೆಯವ್ರಾ? ಅವ್ರ್ ಎಲ್ಲಿ ಓದ್ತ್ರ್?"

"ಓದುದಲ್ಲ ಮರಾಯ್ತಿ, ಕೇಂಬುದ್! ಆಳ ಕಡಲಲ್ಲಿ ನೆಟ್‌ವರ್ಕ್ ಎಲ್ಲಿತ್ತ್? ರತನ್ ದಡದಲ್ಲಿ ಇಪ್ಪ ಹೊತ್ತಿಗೇ ಫೋನಿಗೆ ಇಳ್ಸ್ಕಂತ. ಸಂಜಿಗೆ ಬಲೆ ಬಿಟ್ಟ್ ಕೂತ್ರೆ ವೈರ್‌ಲೆಸ್ಸಲ್ಲಿ ಓದ್ತ. ಸುತ್ತ ಇದ್ದ್ ಬೋಟಿನವ್ರೆಲ್ಲ ಕೇಂತ್ರ್."

ಹರಿಣಾಕ್ಷಿಯ ಕೈಯಲ್ಲಿದ್ದ ಕತ್ತರಿ ಹಾಗೆಯೇ ನಿಂತಿತು.

"ಮತ್ತೆ... ನನ್ ಹೆಸ್ರ್?"

"ದಿನಾ ಶುರು ಮಾಡುದೇ ಹಾಂಗೆ. 'ಹೆಮ್ಮಾಡಿ ಹರಿಣಾಕ್ಷಿ ಬರ್ದ್ ಕತೆ, ಎಲ್ಲ ಕೇಣಿ' ಅಂದೇಳಿ. ಆ ದಿನ ನಮ್ಮವ್ರ್ ರೆಕಾರ್ಡ್ ಒತ್ತುದ್ ತಡ ಮಾಡಿರಂಬ್ರ್. ನಡು ಮಧ್ಯದಿಂದ ಬಂತ್."

ಅಯ್ಯೋ ದೇವರೇ...! ಒಂದು ಫೋನಿಗೆ ಒಬ್ಬ ಓದುಗ ಎಂದು ಆಪ್ ಎಣಿಸಿತ್ತು. ಆ ಒಂದು ಫೋನಿನ ಸುತ್ತ ಅಷ್ಟು ಬೋಟುಗಳು ಕಿವಿಗೊಟ್ಟಿದ್ದವು. ತನ್ನ ಹೆಸರನ್ನು ದಿನವೂ ಕಡಲಿಗೆ ಹೇಳುತ್ತಿದ್ದವನನ್ನು ಅವಳು ಊರೆದುರು ಕಳ್ಳ ಎಂದಿದ್ದಳು.

ರತನ್‌ನ ಬೋಟು ದಡಕ್ಕೆ ಬಂದ ದಿನ ಅವಳು ಅದೇ ಜಾಗದಲ್ಲಿ ನಿಂತಿದ್ದಳು. ಎದುರಿಗೆ ಅದೇ ಜನ.

"ಅವತ್ ಎಲ್ಲರ ಎದುರು ಕಳ್ಳ ಅಂದೆ. ಇವತ್ತ್ ಎಲ್ಲರ ಎದುರೇ ಹೇಳ್ತೆ, ತಪ್ಪಾಯ್ತ್."

"ನಂದೂ ತಪ್ಪಿತ್ತ್. ನಿಮ್ಮತ್ರ ಒಂದ್ ಮಾತ್ ಕೇಣ್ದೆ ಓದಿದೆ."

"ಅಷ್ಟ್ ಓದಿದವ್ರ್ ಒಂದ್ ಸಾಲ್ ಎಂತಕೆ ಬರೀಲಿಲ್ಲೆ? ಒಂದೇ ಒಂದ್ ಸಾಲ್! ನಾ ಅದಕ್ಕೇ ಕಾಯ್ತಿದ್ದೆ..."

ಅವಳು ಕಣ್ಣೊರೆಸಿಕೊಂಡಳು. ರತನ್ ಕೈಗಂಟಿದ ಮೀನಿನ ಪೊರೆ ಉಜ್ಜುತ್ತಾ ನಿಂತ.

"ಬರೆಯೂಕೆ ಕೂಕಂತೆ. ಬರ್ದ್ ಅಳಿಸ್ತೆ. 'ಚಂದ ಇತ್ತ್' ಅಂದ್ರೆ ಕಮ್ಮಿ ಆತ್ತ್. ಮನ್ಸಲ್ಲಿದ್ದದ್ದ್ ಬರ್ದ್ರೆ... ನೀವ್ ಎಂತ ತಿಳ್ಕಂತ್ರಿಯೋ."

"ಕತೆ ನಿಂತ ಮೇಲೆ ವೈರ್‌ಲೆಸ್ಸಲ್ಲಿ ಎಂತ ಓದಿರಿ?"

"ಶುರುವಿಂದ ಮತ್ತೊಂದ್ ಸಲಿ ಓದಿದ!" ಬೋಟಿನ ಮೇಲಿಂದ ಅವನ ಜೊತೆಗಾರ ಪಾಂಡು ಕೂಗಿದ. "ನಮ್ಗೆಲ್ಲ ಬಾಯಿಪಾಠ ಆಯ್ತ್!"

ಅಳುವಿನ ನಡುವೆಯೇ ಹರಿಣಾಕ್ಷಿಗೆ ನಗು ಬಂತು. ಅಲ್ಲೇ ನಿಂತು, ಚಂದ್ರಮತಿ ಅಂಗಡಿಗೆ ಬಂದುಹೋದ ದಿನ ಬರೆದಿಟ್ಟಿದ್ದ ಹೊಸ ಅಧ್ಯಾಯವನ್ನು ಆಪ್‌ಗೆ ಹಾಕಿದಳು.

ರತನ್ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕೂತು ಓದಿದ. ಆಮೇಲೆ ಬೆರಳಿನಿಂದ ನಿಧಾನ ಒತ್ತತೊಡಗಿದ. ಈ ಸಲ ಅಳಿಸಲಿಲ್ಲ.

ಅವಳ ಫೋನ್ ಕುಂಯ್ ಅಂತು. ಕತೆಯ ಕೆಳಗೆ ಮೊತ್ತಮೊದಲ ಸಾಲು!

'ಇಷ್ಟು ದಿನ ನಿಮ್ಮ ಕತೆಗಾಗಿ ದಡಕ್ಕೆ ಬರುತ್ತಿದ್ದೆ. ಇನ್ನು ನಿಮಗಾಗಿ ಬರಬಹುದಾ?'

ಅವಳು ಮತ್ತೊಮ್ಮೆ ಓದಿದಳು. ಕಣ್ಣೆತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ. ಪಾಂಡು ಮಾತ್ರ ಬೇಕೆಂದೇ ಆಕಾಶ ನೋಡುತ್ತಿದ್ದ.

"ಇದಕ್ಕೆ ಉತ್ರ ಎಲ್ಲಿ ಬರೀಲಿ?"

"ಬರೆಯೂದ್ ಬ್ಯಾಡ. ಹೇಳಿ."

"ಕೊನೇ ಅಧ್ಯಾಯ ಒಂದ್ ಬಾಕಿ ಇತ್ತ್," ಎಂದಳು ಅವಳು ಮೆಲ್ಲಗೆ. "ಮುಂದಿನ ಸಲಿ ನೀವ್ ಕಡಲಿಂದ ಬಂದ್ ಮೇಲೆ ಬರೀತೆ. ಅದನ್ ವೈರ್‌ಲೆಸ್ಸಲ್ಲಿ ಓದೂದ್ ಬ್ಯಾಡ."

"ಮತ್ತೆ?"

"ನನ್ ಎದುರಿಗ್ ಕೂಕಂಡ್ ಓದಿ... ನಂಗೊಬ್ಳಿಗೆ."