ಕಾಮಾಲೆಯ ಪಥ್ಯ

“ನನ್ನ ಮಗನ್ನ ಕೊಲ್ಲಾಕೇ ನಿಂತಿದ್ದೀಯೇನೇ?” ಚಿತ್ತಮ್ಮ ಸೊಸೆಯ ಕೈಯಿಂದ ತಟ್ಟೆ ಕಿತ್ತುಕೊಂಡಳು. ಮೊಟ್ಟೆ, ಒಗ್ಗರಣೆ ಹಾಕಿದ ಅನ್ನ ಹಿತ್ತಲಿನ ನಾಯಿಯ ಪಾಲಾಯಿತು. “ಕಾಮಾಲೆ ಆದೋರಿಗೆ ಎಣ್ಣೆ ವಾಸ್ನೇನೂ ತೋರಿಸಬಾರ್ದು. ನಿಮ್ಮವ್ವ ಇಷ್ಟೂ ಕಲಿಸ್ಲಿಲ್ವಾ?”

ಏಕನಾಥಮ್ಮ ನೆಲಕ್ಕೆ ಚೆಲ್ಲಿದ ಅಗುಳನ್ನು ಬಳಿಯತೊಡಗಿದಳು.

ಹೊಳಲ್ಕೆರೆಯಿಂದ ಶಿವಮೊಗ್ಗಕ್ಕೆ ಖಾಸಗಿ ಬಸ್ಸು ಓಡಿಸುತ್ತಿದ್ದ ಅವಳ ಗಂಡ ಬೀರೇಶನ ಕಣ್ಣು ಹಳದಿಯಾದಾಗ ಎಲ್ಲರೂ ಕಾಮಾಲೆ ಎಂದಿದ್ದರು. ನಾಟಿ ವೈದ್ಯರ ಸೊಪ್ಪಿನ ರಸವನ್ನೂ ಕುಡಿಸಿದ್ದಾಯಿತು. ಸ್ಕ್ಯಾನಿಂಗಿನಲ್ಲಿ ಕಂಡದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಆಪರೇಷನ್ ಆದ ಮೇಲೆ ಡಾಕ್ಟರ್ ಏಕನಾಥಮ್ಮನನ್ನು ಕರೆದು ಹೇಳಿದರು: “ಗಡ್ಡೆ ತೆಗೆದಿದ್ದೀವಿ. ಜೊತೆಗೆ ತೆಗೆದ ಹದಿನೆಂಟು ದುಗ್ಧರಸ ಗ್ರಂಥಿ, ಅಂದ್ರೆ ಲಿಂಫ್ ನೋಡ್‌ಗಳಲ್ಲಿ ಎರಡಕ್ಕೆ ಹರಡಿದೆ. ಒಂದಕ್ಕೂ ಹರಡದಿದ್ದರೆ ಇನ್ನೂ ಒಳ್ಳೇದಿತ್ತು. ಎರಡೇ ಆಗಿರೋದರಿಂದ ಕೈ ಚೆಲ್ಲಬೇಕಾಗಿಲ್ಲ. ಕಿಮೊ ಕೊಟ್ಟರೆ ಆಯಸ್ಸು ಹೆಚ್ಚಬಹುದು. ಆದರೆ ಅದನ್ನು ತಡೆಯೋ ಶಕ್ತಿ ಬೇಕಮ್ಮ, ಚೆನ್ನಾಗಿ ತಿನ್ನಿಸಿ. ಹೀಗೇ ಸೊರಗಿದರೆ ಶುರು ಮಾಡೋಕಾಗಲ್ಲ.”

ಸ್ಕ್ಯಾನಿಂಗ್ ಆದ ದಿನವೇ ಬೀರೇಶನ ಚಿಕ್ಕಪ್ಪ ಕಾಟಲಿಂಗಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೇ ಕಟ್ಟಪ್ಪಣೆ ಮಾಡಿದ್ದ: “ಕ್ಯಾನ್ಸರ್ ಅಂದ್ರೆ ಎದೆ ಒಡೆದು ಸಾಯ್ತಾನೆ. ಅವನಿಗೂ ಬೇಡ, ಅವ್ವನಿಗೂ ಬೇಡ. ಕಾಮಾಲೆ, ಪಿತ್ತದ ನಾಳ ಕಟ್ಟಿದ್ದಕ್ಕೆ ಆಪರೇಷನ್ ಅನ್ನು ಸಾಕು.” ಏಕನಾಥಮ್ಮ ಹಾಗೇ ಅಂದಳು. ಚಿತ್ತಮ್ಮ ಕೆಟ್ಟವಳಲ್ಲ, ಗಂಡನ ಕಾಮಾಲೆಯನ್ನು ಪಥ್ಯದಿಂದಲೇ ಗೆದ್ದವಳು. ಮಗನಿಗೂ ಅದೇ ಶುರುವಾಯಿತು... ಉಪ್ಪಿಲ್ಲದ, ಎಣ್ಣೆಯಿಲ್ಲದ ಗಂಜಿ! ಬೀರೇಶ ಪ್ಯಾಂಟಿಗೆ ದಾರ ಕಟ್ಟಿಕೊಳ್ಳುವಷ್ಟು ಇಳಿದ.

ಆ ದಿನ ತಟ್ಟೆ ಕಿತ್ತಾಟ ಕೇಳಿ ಎದ್ದು ಬಂದವನು ಹೊಸ್ತಿಲಲ್ಲೇ ಕುಸಿದ. ಏಕನಾಥಮ್ಮ ಓಡಿ ಹಿಡಿದುಕೊಂಡಳು. ಇನ್ನು ತಡೆಯಲಾಗಲಿಲ್ಲ.

“ಇದು ಕಾಮಾಲೆ ಅಲ್ಲ ಅತ್ತೆ! ಕ್ಯಾನ್ಸರು! ತಿನ್ನದಿದ್ರೆ ಕಿಮೊ ಕೊಡಲ್ಲ ಅಂದವ್ರೆ... ಕಿಮೊ ಇಲ್ದಿದ್ರೆ ಇವ್ರು ನಮಗೆ ಉಳಿಯಲ್ಲ!”

ಬೀರೇಶ ಹೆಂಡತಿಯ ಮುಖವನ್ನೇ ನೋಡಿದ. “ಯಾವಾಗಿಂದ ಗೊತ್ತಿತ್ತು?”

“ಆಪರೇಷನ್ನಿಗೂ ಮುಂಚಿಂದ. ನಿಮ್ಮ ಚಿಕ್ಕಪ್ಪ ಹೇಳಬ್ಯಾಡ ಅಂದ್ರು.”

“ನಾಳೆ ಆ ಚಿಕ್ಕಪ್ಪಂಗೆ ಒಂದು ಚೊಂಬು ಉಪ್ಪಿಲ್ಲದ ಗಂಜಿ ಕಳ್ಸು.” ಅವನು ನಕ್ಕ, ನಗುತ್ತಲೇ ಅತ್ತ. ಆದರೆ ಅವನ ಎದೆ ಒಡೆಯಲಿಲ್ಲ.

ಚಿತ್ತಮ್ಮ ಗೋಡೆಗೆ ಒರಗಿದಳು. “ನನ್ ಕೈಯಾರೆ ನನ್ ಮಗನ್ನ ಉಪವಾಸ ಕೆಡವಿದೆನಲ್ಲೇ! ನನಗಾದ್ರೂ ಹೇಳಬಾರ್ದಿತ್ತಾ?”

“ಹೇಳಬೇಕಿತ್ತು ಅತ್ತೆ. ಹೆದರಿದೆ...”

ಚಿತ್ತಮ್ಮ ಒಳಗೆ ಹೋಗಿ ಒಲೆಯ ಮೇಲೆ ಬಾಣಲೆ ಇಟ್ಟಳು. ಅಂದಿನಿಂದ ಪ್ರತಿ ಊಟಕ್ಕೂ ಡಾಕ್ಟರ್ ಬರೆದುಕೊಟ್ಟಿದ್ದ ಜೀರ್ಣದ ಮಾತ್ರೆ ಅಂಗೈಲಿ ಹಿಡಿದು ಅವಳೇ ನಿಲ್ಲತೊಡಗಿದಳು.

ಮುಂದಿನ ಸಲ ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರ್ ಏರಿದ ತೂಕ ನೋಡಿದರು, ರಕ್ತದ ರಿಪೋರ್ಟು ನೋಡಿದರು. “ಶುರು ಮಾಡೋಣ,” ಎಂದರು.

“ಗ್ಯಾರಂಟಿ ಐತಾ ಸಾರ್?” ಬೀರೇಶ ಕೇಳಿದ.

“ಇಲ್ಲ. ಮತ್ತೆ ಬರಬಹುದು. ಬರದೆಯೂ ಇರಬಹುದು.”

“ನನ್ ಬಸ್ಸಿಗೂ ಗ್ಯಾರಂಟಿ ಇರ್ಲಿಲ್ಲ ಬಿಡ್ರಿ. ಜನ ದಿನಾ ಹತ್ತುತಿದ್ರು.” ತೋಳು ಚಾಚಿದ.

ಬಾಟಲಿಯಿಂದ ಕಿಮೊ ಹನಿ ಇಳಿಯತೊಡಗಿದ್ದನ್ನು ಚಿತ್ತಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

“ಬಾರೇ ಹೋಗಾಣ, ಕೆಳಗೆ ಹೋಟ್ಲೈತೆ. ಬೆಳಗ್ಗಿಂದ ನಿನ್ ಹೊಟ್ಟೆಗೂ ಏನೂ ಬಿದ್ದಿಲ್ಲ.”