ಬಿರ್ಗುವಿನ ನಾಲ್ಕು ಹುಟ್ಟುಗಳು

ಸೆಪ್ಟೆಂಬರ್ ಆರು, ಬೆಳಗ್ಗೆ ಏಳೂಮುಕ್ಕಾಲು. ಬಿರ್ಗು ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಮರ್ಟೀಸ್ ಶಿಕ್ಲೂನ ಗಾಜಿನ ಲೋಟದ ಚಹಾ ಇನ್ನೂ ತುಟಿಗೆ ತಾಗಿಸಿರಲಿಲ್ಲ, ಊರಿನ ದೋಣಿ ಸಂಘದ ಅಧ್ಯಕ್ಷ ಝರು ಎಲ್ಲುಲ್ ಬಾಗಿಲು ದೂಡಿಕೊಂಡು ಒಳಗೆ ಬಂದ. ಅವನ ಬೆನ್ನಿಗೆ ಅರ್ಧ ಊರೇ ಇತ್ತು.

"ಹುಟ್ಟು ಹೋಯ್ತು ಮೇಡಂ! ನಾಲ್ಕೂ ಹೋಯ್ತು!"

"ಯಾವ ಹುಟ್ಟು?"

"ಯಾವ ಹುಟ್ಟು ಅಂತ ಕೇಳ್ತೀರಲ್ಲ! ನಾಡಿದ್ದಿನ ದೋಣಿ ಪಂದ್ಯಕ್ಕೆ ಅಂತ ಚಳಿಗಾಲ ಪೂರ್ತಿ ಕೆತ್ತಿಸಿದ್ದು!"

"ಹಳೇ ಹುಟ್ಟು ಇಲ್ಲವಾ?"

ಝರು ನೆಲ ನೋಡಿದ. "ಹೋದ ವರ್ಷ ಸೋತ್ವಲ್ಲ, ಅವನ್ನ ಕಟ್ಟೆ ಮೇಲೆ ಹಾಕಿ ಸುಟ್ವಿ. ಸೋತ ಹುಟ್ಟು ಮನೇಲಿಟ್ಕೊಂಡ್ರೆ ದರಿದ್ರ."

ಬೇರೆ ಊರಿನವರು ಸಾಲ ಕೊಡುವ ಮಾತೇ ಇರಲಿಲ್ಲ. ಸೆಪ್ಟೆಂಬರ್ ಎಂಟರ ಪಂದ್ಯದ ವಾರದಲ್ಲಿ ಈ ಬಂದರಿನ ಊರುಗಳು ಒಂದಕ್ಕೊಂದು ಬೆಂಕಿಕಡ್ಡಿಯನ್ನೂ ಕೊಡುವುದಿಲ್ಲ.

"ಕೇಳಿ ಮೇಡಂ," ಎಂದ ಝರು. "ಈಗಿನ ರಾಜಧಾನಿ ವಲೆಟ್ಟಾ ಬರೀ ಬೋಳುಗುಡ್ಡ ಆಗಿದ್ದಾಗ ಈ ದ್ವೀಪಕ್ಕೆ ನಾವು ರಾಜಧಾನಿ. ರಾಜಧಾನಿ ಹೋಯ್ತು. ಹಡಗುಕಟ್ಟೆ ಕೆಲಸ ಹೋಯ್ತು. ನಮಗೆ ಅಂತ ಉಳಿದಿರೋದು ಇದೊಂದು ಪಂದ್ಯ. ಶೀಲ್ಡ್ ನೋಡಿ ಹನ್ನೊಂದು ವರ್ಷ ಆಯ್ತು. ಈ ಸಲ ನಮ್ಮ ಕಬ್ಬಿಣ ವೀತೋರ್ ಇದಾನೆ, ಗೆಲ್ಲೋದು ಖಂಡಿತ ಇತ್ತು."

ಹಿಂದಿನಿಂದ ಯಾರೋ ಕೂಗಿದರು. "ಆಕೆ ಹತ್ರ ಯಾಕೆ ಅಳ್ತೀಯೋ? ಬೊರ್ಮ್ಲಾದವಳು! ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ ಆಗಿರುತ್ತೆ!"

ಮರ್ಟೀಸ್ ಚಹಾ ಕೆಳಗಿಟ್ಟಳು. ಮಾತು ನಾಟಿತ್ತು. ಅವಳು ಹುಟ್ಟಿದ್ದು ಪಕ್ಕದ ಬೊರ್ಮ್ಲಾದಲ್ಲಿ, ಹೋದ ವರ್ಷ ಗೆದ್ದದ್ದೂ ಅದೇ ಊರು. ಹುಟ್ಟು ಸಿಗದಿದ್ದರೆ ತಾನು ಬೇಕೆಂದೇ ಹುಡುಕಲಿಲ್ಲ ಎಂದು ಈ ಊರಿನ ಕೂಸು ಕುನ್ನಿಯೂ ಸಾಯುವ ತನಕ ಹೇಳುತ್ತದೆ. ಅದಕ್ಕೂ ಮೊದಲು ಎರಡೂ ಊರಿನ ಗಂಡಸರು ತಲೆ ಒಡೆದುಕೊಳ್ಳುತ್ತಾರೆ.

"ದೂರು ಬರ್ಕೊಳ್ಳಿ, ಸಾರ್ಜೆಂಟ್," ಎಂದಳು. "ಕೂಗಿದವರ ಹೆಸರು ಬೇಡ. ಹುಟ್ಟು ಸಿಕ್ಕಮೇಲೆ ಅವರೇ ಬಂದು ಹೇಳ್ತಾರೆ."

ಎಂಟೂವರೆಗೆ ದೋಣಿಮನೆಯಲ್ಲಿ ಸ್ಥಳ ಮಹಜರು ನಡೆಯಿತು. ಬೀಗ ಒಡೆದಿರಲಿಲ್ಲ, ಒಡೆಯುವ ಅಗತ್ಯವೂ ಇರಲಿಲ್ಲ. ಆ ಬೀದಿಯಲ್ಲಿ ಕೀಲಿಕೈ ಹಗಲೆಲ್ಲ ಬಾಗಿಲಲ್ಲೇ ನೇತಾಡುತ್ತದೆ. ದೋಣಿ ತನ್ನ ಮರದ ಕಾಲುಗಳ ಮೇಲೆ ಹೊಳೆಯುತ್ತ ಕೂತಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಗೋಡೆಯ ಗೂಡಿನಲ್ಲಿ ಊರಿನ ಸಂತ ಲವ್ರೆಂಝನ ಪಟ, ಮುಂದೆ ಎಣ್ಣೆಯ ದೀಪ. ದೀಪ ಉರಿಯುತ್ತಿತ್ತು.

ಕಾವಲುಗಾರ ನೆನು ಮುದುಕ. ಅಪರಾಧ ತಾನೇ ಮಾಡಿದವನ ಹಾಗೆ ಮೂಲೆ ಹಿಡಿದು ನಿಂತಿದ್ದ.

"ಹುಟ್ಟು ಕೊನೇಸಲ ನೋಡಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ, ಊಟಕ್ಕೆ ಹೋಗೋವಾಗ. ಆಮೇಲೆ ಸಂಜೆ ಬೀಗ ಹಾಕಿ ಕೀಲಿ ತಗೊಂಡು ಹೋದೆ, ಒಳಗೆ ನೋಡಲಿಲ್ಲ ತಾಯಿ. ಹುಡುಗರಿಗೆ ನಿನ್ನೆ ವಿಶ್ರಾಂತಿ ಇತ್ತು."

"ದೀಪಕ್ಕೆ ಎಣ್ಣೆ ಹಾಕಿದ್ದು?"

ನೆನು ತಲೆ ಕೆರೆದುಕೊಂಡ. "ನಿನ್ನೆ ಎಣ್ಣೆ ಮುಗಿದು ದೀಪ ಆರಿತ್ತು. ತರೋಣ ಅಂದ್ಕೊಂಡೆ, ನಿದ್ದೆ ಬಂತು. ಇವತ್ತು ನೋಡಿದ್ರೆ ಉರೀತಿದೆ. ಯಾರು ಹಾಕಿದ್ರೋ, ಪುಣ್ಯಾತ್ಮರು!"

ಮರ್ಟೀಸ್ ಸಾರ್ಜೆಂಟ್ ಲೆಲಿ ಬುಹಾಜರನ ಮುಖ ನೋಡಿದಳು. ಲೆಲಿ ಇದೇ ಊರಿನವನು, ಇಲ್ಲಿನ ಬೆಕ್ಕುಗಳ ವಂಶಾವಳಿಯೂ ಅವನಿಗೆ ಗೊತ್ತು.

"ಲೆಲಿ, ಬೊರ್ಮ್ಲಾದವನೊಬ್ಬ ಕದಿಯೋಕೆ ಬಂದ ಅಂತ ಇಟ್ಕೋ. ಪಂದ್ಯದ ವಾರದಲ್ಲಿ ನಿಮ್ಮ ಲವ್ರೆಂಝನಿಗೆ ದೀಪ ಹಚ್ಚಿ ಹೋಗ್ತಾನಾ?"

"ಕೈ ಕತ್ತರಿಸಿಕೊಂಡಾನು, ಹಚ್ಚೋದಿಲ್ಲ! ನಮ್ಮ ಸಂತನಿಗೆ ಎಣ್ಣೆ ಹಾಕಿದ್ರೆ ನಮ್ಮ ದೋಣಿಗೆ ಬಲ ಬಂದ ಹಾಗೆ ತಾನೇ?" ಎಂದವನು ತಟ್ಟನೆ ಮಾತು ನಿಲ್ಲಿಸಿದ. "ಅಯ್ಯೋ ದೇವರೇ. ನಮ್ಮೋರೇನಾ?"

"ಬೇಲಿಯೇ ಎದ್ದು ಹೊಲ ಮೇಯ್ದಿದೆ. ಬಾಯಿ ಬಿಡಬೇಡ."

ಆದರೂ ನಿಯಮ ನಿಯಮವೇ. ಹತ್ತು ಗಂಟೆಗೆ ಅವಳು ಬೊರ್ಮ್ಲಾದ ಒಂದು ಬಾರ್‌ಗೆ ಹೋಗಿ ಸ್ವಂತ ಚಿಕ್ಕಪ್ಪನ ಮಗ ಫ್ರಾನ್ಸ್‌ನನ್ನು ಎಬ್ಬಿಸಿದಳು. ಈ ಸಲ ಬಿರ್ಗುವಿನವರು ಚಮಚದಲ್ಲಿ ದೋಣಿ ನಡೆಸ್ತಾರೆ ಎಂದು ಎರಡು ದಿನದ ಹಿಂದೆ ಅವನು ಮೇಜು ಕುಟ್ಟಿ ಹೇಳಿದ್ದ.

"ನಾನಲ್ಲ ಕಣೇ ಅಕ್ಕ!"

"ಏನು ನೀನಲ್ಲ? ನಾನಿನ್ನೂ ಏನೂ ಕೇಳಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ಅವನದು. ನಿನ್ನೆ ಮಧ್ಯಾಹ್ನದಿಂದ ಸಂಜೆಯವರೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದ ಎಂಬುದು ಒಂದೇ ಫೋನಿನಲ್ಲಿ ಖಚಿತವಾಯಿತು. ಅಷ್ಟು ಹೊತ್ತು ಅವನ ಬಾಯಿ ಸುಮ್ಮನಿತ್ತಲ್ಲ ಎಂದು ಮರ್ಟೀಸ್‌ಗೆ ಸಮಾಧಾನವಾಯಿತು.

ಮುಂದಿನ ವಿಚಾರಣೆ ತಂಡದವರದು. ಮುಖ್ಯ ಹುಟ್ಟುಗಾರ ವೀತೋರ್ ತಬೋನೆಗೆ ಊರು ಇಟ್ಟ ಹೆಸರು ಕಬ್ಬಿಣ. ಅವನ ಹೆಂಡತಿ ಪಾಲ್ಮಾ ಬಾಗಿಲು ತೆರೆದಳು. ಹಬ್ಬದ ಧ್ವಜಗಳನ್ನು ಹೊಲಿಯುವವಳು, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ಕೈಗೆ ಸಿಗಲಿ ಆ ಕಳ್ಳ!" ವೀತೋರ್ ಅಂಗಳದಲ್ಲಿ ಅಬ್ಬರಿಸುತ್ತಿದ್ದ. "ಹಲಗೆ ಸೀಳಿ ಹುಟ್ಟು ಮಾಡ್ಕೊಂಡಾದ್ರೂ ನಾನು..."

ಮಾತು ಅರ್ಧಕ್ಕೆ ನಿಂತಿತು. ಮುಖ ಸುಣ್ಣದ ಬಣ್ಣಕ್ಕೆ ತಿರುಗಿ ಅವನು ಮೆಟ್ಟಿಲ ಮೇಲೆ ಕುಸಿದ. ಪಾಲ್ಮಾ ಓಡಿಬಂದು ಅವನ ನಾಲಿಗೆಯ ಕೆಳಗೆ ಒಂದು ಸಣ್ಣ ಮಾತ್ರೆ ಇಟ್ಟಳು. ಆ ಕೈಗೆ ಅದು ಹೊಸ ಕೆಲಸವಲ್ಲ.

"ಬಿಸಿಲು ಅಷ್ಟೇ," ಎಂದ ವೀತೋರ್. ಅಂಗಳದಲ್ಲಿ ಬಿಸಿಲೇ ಇರಲಿಲ್ಲ.

ನಾಲ್ಕು ಉದ್ದದ ಹುಟ್ಟುಗಳನ್ನು ಹಗಲು ಹೊತ್ತಿನಲ್ಲಿ ಹೊತ್ತೊಯ್ದರೂ ಯಾರಿಗೂ ಕಾಣಲಿಲ್ಲವೆಂದರೆ ಹೇಗೆ? ದೋಣಿಮನೆಯ ಎದುರು ಬಿಸಿ ಪಸ್ತಿಜ್ಜಿ ಕಡುಬು ಮಾರುವ ಚೆಟ್ಟಾಳನ್ನು ಮರ್ಟೀಸ್ ಕೇಳಿದಳು. ಊರೆಲ್ಲ ಮಲಗಿದ್ದಾಗಲೂ ಕಿಟಕಿ ಬಿಡದ ಹೆಂಗಸು ಅವಳು.

"ನಿನ್ನೆ ಮಧ್ಯಾಹ್ನ ಬೀದೀಲಿ ಯಾರು ಓಡಾಡಿದ್ರು?"

"ಯಾರೂ ಇಲ್ಲ."

"ಒಂದು ಬೆಕ್ಕೂ ಇಲ್ಲ?"

"ಬೆಕ್ಕು ಇತ್ತು. ಪಾಲ್ಮಾ ಇದ್ಲು."

"ಪಾಲ್ಮಾ ಯಾರೂ ಅಲ್ವಾ?"

"ಅವಳು ನಮ್ಮವಳಲ್ವಾ, ಲೆಕ್ಕಕ್ಕೆ ಯಾಕೆ? ಪಾಪ, ಧ್ವಜದ ಕಂಬ ಹೊತ್ತು ಎರಡು ಸಲ ಓಡಾಡಿದ್ಲು. ಗಂಡಸರು ಗೊರಕೆ ಹೊಡೀತಿದ್ರು, ನಮ್ಮ ಹಣೆಬರಹವೇ ಅಷ್ಟು."

ಲೆಲಿ ಟೋಪಿ ತೆಗೆದ. "ಮೇಡಂ, ಲವ್ರೆಂಝನ ಹಬ್ಬ ಆಗಸ್ಟ್ ಹತ್ತಕ್ಕೆ ಮುಗೀತು. ಕಂಬ ಎಲ್ಲಾ ಆ ವಾರವೇ ಉಗ್ರಾಣ ಸೇರಿವೆ. ನಾನೇ ಹೆಗಲು ಕೊಟ್ಟಿದೀನಿ. ಮುಂದಿನ ಜುಲೈವರೆಗೆ ಆ ಬಾಗಿಲು ತೆಗೆಯೋ ಕೆಲಸವೇ ಇಲ್ಲ."

ಮಧ್ಯಾಹ್ನ ಒಂದೂವರೆಗೆ, ಹಬ್ಬ ನಡೆಸುವ ಬ್ಯಾಂಡ್ ಸಂಘದ ಉಗ್ರಾಣ ತೆರೆಸಿದರು. ಗೋಡೆಯುದ್ದಕ್ಕೂ ನೂರಾರು ಕಂಬಗಳು, ಪ್ರತಿಯೊಂದಕ್ಕೂ ಕೆಂಪು ಬಟ್ಟೆಯ ಹೊದಿಕೆ. ಕೊನೆಯ ನಾಲ್ಕರ ಹೊದಿಕೆಗೆ ಮಾತ್ರ ಧೂಳು ಹಿಡಿದಿರಲಿಲ್ಲ. ಲೆಲಿ ಒಂದರ ದಾರ ಬಿಚ್ಚಿದ. ಹುಟ್ಟಿನ ಅಲಗು ಹೊರಬಂತು, ಮೆರುಗು ಮಾಸಿರಲಿಲ್ಲ.

"ಸಿಕ್ತು!" ಲೆಲಿ ಕೂಗಿದ ಕೂಗಿಗೆ ಚಾವಣಿಯ ಪಾರಿವಾಳಗಳೆಲ್ಲ ಹಾರಿಹೋದವು. ಮರ್ಟೀಸ್‌ಗೆ ಕುಣಿಯಬೇಕೆನಿಸಿತು. ಸಮವಸ್ತ್ರ ಅಡ್ಡ ಬಂತು.

ತಿರುಗಿ ನೋಡಿದರೆ ಬಾಗಿಲಲ್ಲಿ ಪಾಲ್ಮಾ ನಿಂತಿದ್ದಳು.

"ನಾನೇ," ಎಂದಳು. "ಬೇರೆ ಯಾರನ್ನೂ ಹಿಡೀಬೇಡಿ."

"ಯಾಕೆ ಪಾಲ್ಮಾ?"

"ಜುಲೈನಲ್ಲಿ ಹೃದಯದ ಡಾಕ್ಟರು ವೀತೋರ್‌ಗೆ ಹೇಳಿದ್ರು, ಇನ್ನೊಂದು ಪಂದ್ಯ ಅಂದ್ರೆ ಪ್ರಾಣಕ್ಕೇ ಅಪಾಯ ಅಂತ. ಯಾರಿಗಾದ್ರೂ ಬಾಯಿಬಿಟ್ಟರೆ ಮನೆ ಬಿಟ್ಟು ಹೋಗ್ತೀನಿ ಅಂದ. ಕಬ್ಬಿಣ ಅಂತ ಕರೀತಾರಲ್ಲ, ಆ ಹೆಸರಿಗಾಗಿ ಸಾಯೋಕೂ ತಯಾರು. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಹೀಗೆ ಮಾಡಿದೆ. ಹುಟ್ಟು ಇಲ್ಲ ಅಂದ್ರೆ ದೋಣಿ ಏರೋ ಹಾಗಿಲ್ಲವಲ್ಲ."

"ದೀಪ?"

"ನನ್ನೂರಿಗೆ ದ್ರೋಹ ಮಾಡ್ತಿದೀನಿ, ಸಂತನ ಮುಖ ಹೇಗೆ ನೋಡಲಿ? ಮನೆಯಿಂದ ಎಣ್ಣೆ ತಂದು ಹಾಕಿದೆ."

ಎರಡು ಗಂಟೆಗೆ ಆರೋಪಿಯ ಬಂಧನ ದಾಖಲಾಯಿತು. ಠಾಣೆಯ ಮುಂದೆ ಸೇರಿದ ಜನ ಮೊದಲು ಹುಟ್ಟಿಗೆ ಜೈ ಎಂದರು, ಪಾಲ್ಮಾಳ ಹೆಸರು ಕೇಳಿ ಬಾಯಿಗೆ ಬಂದಂತೆ ಬೈದರು. ಅಷ್ಟರಲ್ಲಿ ಫ್ರಾನ್ಸ್‌ನ ಫೋನು. "ಅಕ್ಕ, ಕದ್ದ ಮಾಲು ಕೋರ್ಟಿಗೆ ಹೋಗೋತನಕ ಠಾಣೇಲೇ ಇರಬೇಕಲ್ವಾ? ಕಾನೂನು ಕಾನೂನೇ!"

"ಕಾನೂನು ನನಗೆ ಕಲಿಸ್ತೀಯಾ? ಫೋನ್ ಇಡೋ!"

ಅವಳು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು, ಫೋಟೊ ತೆಗೆಸಿ, ಝರುವಿನಿಂದ ಮುಚ್ಚಳಿಕೆ ಬರೆಸಿಕೊಂಡು ಸಂಜೆಯೊಳಗೆ ಹುಟ್ಟುಗಳನ್ನು ಅವನ ಕೈಗೆ ಕೊಟ್ಟಳು. ಝರು ಅಲ್ಲೇ ಅತ್ತುಬಿಟ್ಟ. ಬೆಳಗ್ಗೆ ಹಿಂದಿನಿಂದ ಕೂಗಿದವನೂ ಬಂದು, ಕೂಗಿದ್ದು ನಾನೇ ಎಂದು ಒಪ್ಪಿಕೊಂಡು ಒಂದು ಪೊಟ್ಟಣ ಪಸ್ತಿಜ್ಜಿ ಇಟ್ಟು ಹೋದ.

ಉಳಿದದ್ದು ವೀತೋರ್. ಅವನು ಮರ್ಟೀಸ್‌ಳ ಮೇಜಿನ ಮುಂದೆ ಮುಷ್ಟಿ ಬಿಗಿದು ನಿಂತಿದ್ದ. "ಹುಟ್ಟು ಸಿಕ್ತಲ್ಲ. ನಾಡಿದ್ದು ಏರೋನೇ ನಾನು. ಯಾರು ತಡೀತಾರೆ ನೋಡ್ತೀನಿ."

"ಏರು," ಎಂದಳು ಮರ್ಟೀಸ್. "ಖಂಡಿತ ಏರು. ಅರ್ಧ ದಾರೀಲಿ ನೀನು ಕುಸಿದು ಬೀಳ್ತೀಯ, ದೋಣಿ ನಿಲ್ಲುತ್ತೆ, ನಮ್ಮ ಬೊರ್ಮ್ಲಾ ಗೆಲ್ಲುತ್ತೆ. ನಂದೇನು ಗಂಟು ಹೋಗುತ್ತೆ?"

ವೀತೋರ್ ಝರುವಿನ ಕಡೆ ತಿರುಗಿದ.

"ನನ್ನ ಜಾಗಕ್ಕೆ ಮನ್ವೆಲ್‌ನ ಕೂರಿಸು. ವೆಲ್ಡಿಂಗ್ ಕೆಲಸದವನು, ತೋಳು ಗಟ್ಟಿ. ಮೊದಲಲ್ಲಿ ಅವಸರ ಮಾಡ್ತಾನೆ, ಅದನ್ನ ನಾನು ನೋಡ್ಕೋತೀನಿ."

ಮರುದಿನ ಬೆಳಗಿನಿಂದ ಸಂಜೆಯವರೆಗೆ ವೀತೋರ್ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಮನ್ವೆಲ್‌ನ ಬೆವರಿಳಿಸಿದ.

ಸೆಪ್ಟೆಂಬರ್ ಎಂಟರ ಮಧ್ಯಾಹ್ನ ದೊಡ್ಡ ಬಂದರಿನ ಎರಡೂ ದಡಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ದಿನದ ಎಲ್ಲ ಪಂದ್ಯಗಳ ಒಟ್ಟು ಅಂಕಕ್ಕೆ ಸಿಗುವ ಶೀಲ್ಡು ಯಾರದೆಂದು ಕೊನೆಯ ಪಂದ್ಯದವರೆಗೂ ತೀರ್ಮಾನವಾಗಿರಲಿಲ್ಲ. ನಾಲ್ಕು ಹುಟ್ಟಿನ ದೋಣಿ ಹೊರಟಾಗ ಬಿರ್ಗು ಮೂರನೆಯದು. ಕಟ್ಟೆಯ ಮೇಲೆ, ಜಾಮೀನಿನ ಮೇಲಿದ್ದ ಹೆಂಡತಿಯ ಪಕ್ಕದಲ್ಲಿ ನಿಂತು ವೀತೋರ್ ಅರಚುತ್ತಿದ್ದ. "ತಡಿಯೋ ಮನ್ವೆಲ್! ತಡಿ! ಈಗ, ಈಗ ಎಳಿ!" ಮನ್ವೆಲ್‌ಗೆ ಅದು ಕೇಳಿಸಿತೋ ಇಲ್ಲವೋ, ಎಳೆದ. ನಾಲ್ವರೂ ಒಟ್ಟಿಗೆ ಎಳೆದರು. ಒಂದು ದೋಣಿ ಹಿಂದೆ ಬಿತ್ತು. ಬೊರ್ಮ್ಲಾದ ದೋಣಿ ಪಕ್ಕಕ್ಕೆ ಬಂತು, ಮೂತಿಗೆ ಮೂತಿ ತಾಗುವಷ್ಟು ಹತ್ತಿರ. ಗುರಿಯ ತೇಲುಬುರುಡೆ ದಾಟಿದಾಗ ಬಿರ್ಗು ಅರ್ಧ ದೋಣಿ ಮುಂದಿತ್ತು!

ಪಟಾಕಿ, ಗಂಟೆ, ಹಡಗುಗಳ ಕೂಗು ಎಲ್ಲ ಒಂದಾಯಿತು. ಜನ ಬಟ್ಟೆ ಸಮೇತ ನೀರಿಗೆ ಹಾರಿದರು. ಝರು ಶೀಲ್ಡನ್ನು ಮಗುವಿನ ಹಾಗೆ ಎತ್ತಿಕೊಂಡು ಯಾರ ಕೈಗೂ ಕೊಡಲಿಲ್ಲ. ಪಾಲ್ಮಾಳನ್ನು ಬೈದ ಬಾಯಿಗಳೇ ಅವಳ ಕೆನ್ನೆಗೆ ಮುತ್ತಿಟ್ಟವು. ಯಾರೋ ಮರ್ಟೀಸ್‌ಳನ್ನೂ ಹೆಗಲ ಮೇಲೆ ಎತ್ತಿದರು. ಆಚೆ ದಡದಿಂದ ಅವಳ ಸೋದರತ್ತೆ ನೋಡಿಬಿಟ್ಟಳು. ಐದೇ ನಿಮಿಷದಲ್ಲಿ ಫೋನು ಬಂತು, ಈ ಭಾನುವಾರ ಊಟಕ್ಕೆ ಬರಬೇಡ ಎಂದು. ಮರ್ಟೀಸ್ ನಗುತ್ತಲೇ ಇದ್ದಳು.

ಜಾಮೀನಿನ ಷರತ್ತಿನ ಪ್ರಕಾರ ಸಂಜೆ ಏಳಕ್ಕೆ ಪಾಲ್ಮಾ ಸಹಿ ಹಾಕಲು ಠಾಣೆಗೆ ಬಂದಳು. ಜೊತೆಗೆ ವೀತೋರ್. ಸಂಘ ದೂರು ವಾಪಸು ಪಡೆಯುವುದಾಗಿ ಬರೆದುಕೊಟ್ಟಿತ್ತು, ಆದರೆ ತೀರ್ಪು ಮ್ಯಾಜಿಸ್ಟ್ರೇಟರದು.

ವೀತೋರ್‌ನ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಬೆವರಿನಲ್ಲಿ ತೊಯ್ದು, ಕಣ್ಣು ಕೆಂಪಗೆ ಮಾಡಿಕೊಂಡು, ಪಿಸುದನಿಯಲ್ಲಿ ಅವನು ಹೇಳಿದ. "ಗೆದ್ವಿ ಮೇಡಂ."

ಪಾಲ್ಮಾ ಸಹಿ ಹಾಕಿ ಪೆನ್ನು ಕೆಳಗಿಟ್ಟಳು.

"ಹಾಗಂತ ಹೇಳೋಕೆ ಇವನಿಗೆ ಉಸಿರಿದೆಯಲ್ಲ, ಮೇಡಂ," ಎಂದಳು. "ಇನ್ನು ಮ್ಯಾಜಿಸ್ಟ್ರೇಟರು ಏನು ಶಿಕ್ಷೆ ಬೇಕಾದ್ರೂ ಕೊಡಲಿ."